ಬಂಡೆಯೇ ಹಲಗೆಯಾದ ಕಣಿವೆ

ಫ್ರಾನ್ಸ್ ದೇಶದ ಆಗ್ನೇಯ ಮೂಲೆಯಲ್ಲಿ, ಇಟಲಿಯ ಗಡಿಗೆ ಸಮೀಪದಲ್ಲಿ, ಆಲ್ಪ್ಸ್ ಪರ್ವತಶ್ರೇಣಿಗೆ ಸೇರಿದ ಬೇಗೋ ಎಂಬ ಶಿಖರವಿದೆ. ಎತ್ತರ 2,872 ಮೀಟರ್. ಅದರ ಬುಡದ ಕಣಿವೆಯೊಂದಕ್ಕೆ ‘ಅದ್ಭುತಗಳ ಕಣಿವೆ’ ಎಂದೇ ಹೆಸರು. ಈ ಕಣಿವೆ ಮತ್ತು ಸುತ್ತಲಿನ ಇಳಿಜಾರುಗಳ ಬಂಡೆಗಳ ಮೇಲೆ 35,000ಕ್ಕೂ ಹೆಚ್ಚು ಕೆತ್ತನೆಗಳಿವೆ. ಇವುಗಳಲ್ಲಿ ಬಹುಪಾಲು ಸುಮಾರು ಕ್ರಿ.ಪೂ. 3300ರಿಂದ 1800ರ ನಡುವಿನವು ಎಂಬುದು ತಜ್ಞರ ಅಂದಾಜು.

ಹೆಚ್ಚಿನವರು ಇಲ್ಲಿಗೆ ನಡೆದೇ ಹೋಗುತ್ತಾರೆ. ಸುಮಾರು 1,400 ಮೀಟರ್ ಎತ್ತರದ ಮೆಶ್ ಸರೋವರದಿಂದ ಹೊರಟರೆ ಮೊದಲು ಸಿಗುವುದು ಲಾರ್ಚ್ ಮರಗಳ ಕಾಡು. ಸೂಜಿಯಂಥ ಎಲೆಯ ಮರವಾದರೂ ಇದು ಚಳಿಗಾಲಕ್ಕೆ ಮುಂಚೆ ಎಲೆ ಉದುರಿಸುತ್ತದೆ. ಮೂರು ಗಂಟೆಯಷ್ಟು ಏರಿದ ಮೇಲೆ ಮರಗಳು ವಿರಳವಾಗಿ ಹುಲ್ಲು, ಸರೋವರ, ಬರಿಯ ಬಂಡೆಗಳು ಕಾಣತೊಡಗುತ್ತವೆ. ಬೇಸಿಗೆಯ ಕೆಲವು ತಿಂಗಳು ಬಿಟ್ಟರೆ ಇಲ್ಲೆಲ್ಲ ಹಿಮವೇ.

ಈ ಬಂಡೆಗಳು ಇಷ್ಟು ನುಣುಪಾದದ್ದು ಹೇಗೆ? ಹಿಮಯುಗದಲ್ಲಿ ಈ ಕಣಿವೆಯನ್ನು ತುಂಬಿದ್ದ ಹಿಮನದಿ, ತನ್ನ ತಳದಲ್ಲಿ ಸಿಕ್ಕಿಕೊಂಡ ಕಲ್ಲು ಮರಳುಗಳಿಂದ ಬಂಡೆಗಳನ್ನು ಉಜ್ಜಿ ಸಪಾಟು ಮಾಡಿತು. ಹಿಮ ಕರಗಿದ ಮೇಲೆ ಗಾಳಿ ಮಳೆಗೆ ಒಡ್ಡಿಕೊಂಡ ಮೇಲ್ಮೈಗೆ ಕೆಂಪು, ಕಿತ್ತಳೆ ಬಣ್ಣದ ತೆಳು ಪೊರೆ ಕಟ್ಟಿತು. ಗಟ್ಟಿ ಮೊನೆಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದರೆ ಸಾಕು, ಪೊರೆ ಎದ್ದು ಒಳಗಿನ ಬೇರೆ ಬಣ್ಣ ಕಾಣುತ್ತದೆ. ಹಲಗೆಯನ್ನು ಸಿದ್ಧಪಡಿಸಿದ್ದು ಪ್ರಕೃತಿ, ಬರೆದದ್ದು ಮನುಷ್ಯ.

ಈ ಬರಹವನ್ನು ಶ್ರದ್ಧೆಯಿಂದ ಓದಲು ಕುಳಿತವನು ಒಬ್ಬ ಸಸ್ಯಪ್ರೇಮಿ ಎಂಬುದು ಸ್ವಾರಸ್ಯದ ಸಂಗತಿ. ಇಟಲಿಯಲ್ಲಿ ನೆಲೆಸಿದ್ದ ಆಂಗ್ಲ ಸಸ್ಯಶಾಸ್ತ್ರಜ್ಞ ಕ್ಲಾರೆನ್ಸ್ ಬಿಕ್ನೆಲ್ 1881ರಲ್ಲಿ ಮೊದಲ ಬಾರಿ ಇಲ್ಲಿಗೆ ಬಂದ. 1897ರಿಂದ ಬೇಸಿಗೆಗಳನ್ನು ಇಲ್ಲೇ ಕಳೆಯುತ್ತ, ಬಂಡೆಯ ಮೇಲೆ ಕಾಗದವಿಟ್ಟು ಉಜ್ಜಿ ಸಾವಿರಾರು ಆಕೃತಿಗಳ ಪಡಿಯಚ್ಚು ತೆಗೆದ. 1967ರಿಂದ ಆನ್ರಿ ದ ಲ್ಯುಮ್ಲೆ ಎಂಬ ಪುರಾತತ್ತ್ವಜ್ಞರ ತಂಡ ಈ ಕೆಲಸವನ್ನು ಮುಂದುವರಿಸಿತು.

ಬಂಡೆಯ ಮೇಲೆ ತಾರೀಖು ಬರೆದಿಲ್ಲವಲ್ಲ, ಕಾಲ ತಿಳಿದದ್ದು ಹೇಗೆ ಎಂದು ನೀವು ಕೇಳಬಹುದು. ಕೆತ್ತನೆಗಳಲ್ಲಿ ಕಠಾರಿಗಳಿವೆ. ಅದೇ ಆಕಾರದ ಲೋಹದ ಕಠಾರಿಗಳು ಉತ್ತರ ಇಟಲಿಯ ಸಮಾಧಿಗಳಲ್ಲಿ ದೊರೆತಿವೆ. ಆ ಸಮಾಧಿಗಳ ಕಾಲ ಗೊತ್ತಾದರೆ ಕೆತ್ತನೆಯ ಕಾಲಕ್ಕೂ ಒಂದು ಸುಳಿವು ಸಿಕ್ಕಂತೆ.

ಗುರುತಿಸಬಹುದಾದ ಆಕೃತಿಗಳಲ್ಲಿ ಹೆಚ್ಚಿನವು ಕೊಂಬುಳ್ಳ ದನಗಳವು. ಕೆಲವೆಡೆ ನೇಗಿಲಿಗೆ ಹೂಡಿದ ಎತ್ತುಗಳೂ ಇವೆ, ಅದೂ ಮೇಲಿನಿಂದ ನೋಡಿದಂತೆ. ಆದರೆ ಎರಡು ಸಾವಿರ ಮೀಟರ್‌ಗೂ ಎತ್ತರದ ಈ ಕಲ್ಲುನೆಲದಲ್ಲಿ ಉಳುಮೆ ಎಲ್ಲಿ ಬಂತು? ಗುಡುಗು ಸಿಡಿಲುಗಳ ಬೇಗೋ ಶಿಖರವನ್ನು ಮಳೆ ಕೊಡುವ ದೈವವೆಂದು ನಂಬಿ, ಕೆಳಗಿನ ಬಯಲಿನ ಬೇಸಾಯಗಾರರು ಹರಕೆಯಂತೆ ಇವನ್ನು ಕೆತ್ತಿದರು ಎಂಬುದೊಂದು ವಾದ. ಮನಸ್ಸಿಗೆ ಒಪ್ಪುವ ವಾದವೇ. ಆದರೂ ಅದನ್ನು ಊಹೆಯೆಂದೇ ತಿಳಿಯಬೇಕು. ಬಳ್ಳಾರಿಯ ಸಂಗನಕಲ್ಲು ಬಳಿಯ ಗುಡ್ಡದಲ್ಲೂ ಕಪ್ಪು ಬಂಡೆಗಳನ್ನು ಹೀಗೆಯೇ ಕುಟ್ಟಿ ಮೂಡಿಸಿದ ಗೂಳಿಗಳಿವೆ. ಎರಡು ಜನಾಂಗಗಳಿಗೂ ಸಂಬಂಧವಿಲ್ಲ. ದನವನ್ನು ನಂಬಿದ ಬದುಕು ಮಾತ್ರ ಎರಡೂ ಕಡೆ ಇತ್ತು.

ಈ ಚುಕ್ಕಿಗಳ ಆಳ ಕೆಲವೇ ಮಿಲಿಮೀಟರ್. ಬೂಟಿನ ಉಜ್ಜಾಟ, ಹೆಸರು ಗೀಚುವ ಚಟ ಇವುಗಳಿಂದ ಆದ ಹಾನಿಯನ್ನು ಸರಿಪಡಿಸುವ ಉಪಾಯವಿಲ್ಲ. 1979ರಲ್ಲಿ ಸ್ಥಾಪನೆಯಾದ ಮರ್ಕಾಂತೂರ್ ರಾಷ್ಟ್ರೀಯ ಉದ್ಯಾನಕ್ಕೆ ಈ ಕಣಿವೆ ಸೇರಿದೆ. ಕೆತ್ತನೆಗಳಿರುವ ಪ್ರದೇಶದಲ್ಲಿ ಲೋಹದ ಮೊನೆಯ ಊರುಗೋಲು ಬಳಸುವಂತಿಲ್ಲ, ಗುರುತಿಸಿದ ದಾರಿ ಬಿಡುವಂತಿಲ್ಲ, ಕೆಲವು ಭಾಗಗಳಿಗೆ ಮಾರ್ಗದರ್ಶಿಯಿಲ್ಲದೆ ಪ್ರವೇಶವಿಲ್ಲ. ‘ಬುಡಕಟ್ಟಿನ ನಾಯಕ’ ಎಂದು ಪ್ರಸಿದ್ಧವಾದ ಕೆತ್ತನೆಯ ಕಲ್ಲನ್ನು 1988ರಲ್ಲಿ ಬೆಟ್ಟದಿಂದ ಕೆಳಗಿಳಿಸಲಾಯಿತು. ಅದೀಗ ತಾಂದ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಬೆಟ್ಟದಲ್ಲಿ ನಿಂತಿರುವುದು ಅದರ ಪ್ರತಿಕೃತಿ.