ಗಣಕಯಂತ್ರದ ಇಕ್ಕಟ್ಟಿನ ದಾರಿ: ಬರಹವನ್ನು ಕೂಡಿಡುವ ಜಾಣತನ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳ ವ್ಯಾಪಾರ ವಹಿವಾಟಿನಲ್ಲಿ ಗಣಕಯಂತ್ರವು ಇಂದು ತಕ್ಕಡಿಯಷ್ಟೇ ಅಗತ್ಯವಾದ ಸಾಧನವಾಗಿದೆ. ಕರ್ನಾಟಕದಲ್ಲಿ 1984ರಲ್ಲಿ ಆರಂಭವಾದ ತಂಬಾಕು ಮಂಡಳಿಯ ಹರಾಜು ಈಗ ಎಲೆಕ್ಟ್ರಾನಿಕ್ ರೂಪ ತಳೆದಿದೆ. ಅಕ್ಕಿ ಗಿರಣಿಯ ದಾಸ್ತಾನು, ಗೊಬ್ಬರದಂಗಡಿಯ ಜಿ.ಎಸ್.ಟಿ. ಬಿಲ್ಲು ಎಲ್ಲವೂ ಗಣಕದಲ್ಲಿಯೇ. ಆದರೂ ಕೆಲಸ ಹೆಚ್ಚಿದಾಗ ಉತ್ತಮ ಯಂತ್ರವೂ ಕುಂಟುವುದುಂಟು. ಪ್ರೊಸೆಸರಿನ ವೇಗ ಸಾಲದೆಂಬುದೇ ಇದಕ್ಕೆ ಸದಾ ಕಾರಣವಲ್ಲ. ಮೆಮೊರಿಯ ದಾರಿಯಲ್ಲಿನ ದಟ್ಟಣೆಯೂ ಒಂದು ಕಾರಣ.

ದಾರಿ ಒಂದೇ, ಸಂಚಾರ ಎರಡು

ಪ್ರೊಸೆಸರ್ ಅತಿವೇಗದ್ದು, ಮುಖ್ಯ ಮೆಮೊರಿಯಾದ ರ‍್ಯಾಮ್ ಅದಕ್ಕಿಂತ ಬಹಳ ನಿಧಾನ. ಇವೆರಡರ ನಡುವಿನ ಚಿಕ್ಕ, ಚುರುಕಾದ ಉಗ್ರಾಣವೇ ಕ್ಯಾಷ್ ಮೆಮೊರಿ. ನಮ್ಮ ಗಲ್ಲಾಪೆಟ್ಟಿಗೆಯ ಕ್ಯಾಷಿಗೂ ಇದಕ್ಕೂ ಉಚ್ಚಾರದಲ್ಲಷ್ಟೇ ನಂಟು. 1968ರಲ್ಲಿ ಪ್ರಕಟವಾದ ಐ.ಬಿ.ಎಂ. ಸಿಸ್ಟಂ/360 ಮಾದರಿ 85ರಿಂದ ಇದು ವಾಣಿಜ್ಯ ಗಣಕಗಳಿಗೆ ಬಂದಿತು.

ರ‍್ಯಾಮಿನಿಂದ ಓದುವ ಮಾಹಿತಿಯೂ ಅಲ್ಲಿಗೆ ಬರೆಯುವ ಮಾಹಿತಿಯೂ ಒಂದೇ ದಾರಿಯಲ್ಲಿ ಸಾಗಬೇಕು. ಡಿ.ಡಿ.ಆರ್.4-3200 ವರ್ಗದ ಒಂದು ಚಾನೆಲ್ಲಿನ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ 25.6 ಗಿಗಾಬೈಟ್. ಪ್ರೊಸೆಸರಿನ ಹಲವು ಕೋರ್‌ಗಳು ಇದನ್ನೇ ಹಂಚಿಕೊಳ್ಳುತ್ತವೆ. ಮೇಲಾಗಿ ಓದಿನಿಂದ ಬರಹಕ್ಕೆ, ಬರಹದಿಂದ ಓದಿಗೆ ದಿಕ್ಕು ಬದಲಿಸುವಾಗಲೆಲ್ಲ ಸ್ವಲ್ಪ ಕಾಲ ವ್ಯರ್ಥವಾಗುತ್ತದೆ.

ಬಿಡಿ ಸಾಗಣೆಯೋ, ತುಂಬಿದ ಲಾರಿಯೋ?

ಬರಹಕ್ಕೆ ಎರಡು ಪದ್ಧತಿಗಳಿವೆ. ‘ರೈಟ್-ಥ್ರೂ’ ಪದ್ಧತಿಯಲ್ಲಿ ಕ್ಯಾಷಿನಲ್ಲಾದ ಪ್ರತಿಯೊಂದು ತಿದ್ದುಪಡಿಯೂ ಒಡನೆಯೇ ಮುಂದಕ್ಕೆ ರವಾನೆಯಾಗುತ್ತದೆ. ‘ರೈಟ್-ಬ್ಯಾಕ್’ ಪದ್ಧತಿಯಲ್ಲಿ ‘ಬದಲಾಗಿದೆ’ ಎಂಬ ಗುರುತನ್ನಷ್ಟೇ ಹಾಕಿ, ಆ ಜಾಗವನ್ನು ತೆರವು ಮಾಡುವಾಗ ಒಮ್ಮೆಗೇ ರ‍್ಯಾಮಿಗೆ ಕಳುಹಿಸಲಾಗುತ್ತದೆ. ಪ್ರತಿಯೊಂದು ತಂಬಾಕು ಬೇಲ್‌ಗೂ ಒಂದೊಂದು ಲಾರಿ ಹೊರಡಿಸುವುದಕ್ಕೂ, ಗೋದಾಮಿನಲ್ಲಿ ಕೂಡಿಟ್ಟು ತುಂಬಿದ ಲಾರಿಯನ್ನು ಕಳುಹಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಕ್ಯಾಷಿನ ಒಂದು ಸಾಲು ಸಾಮಾನ್ಯವಾಗಿ 64 ಬೈಟ್. ಒಂದೇ ಸಾಲಿಗೆ ಸೇರಿದ ತಲಾ 8 ಬೈಟ್‌ಗಳ ಎಂಟು ಬರಹಗಳು ಹೀಗೆ ಒಂದೇ ಸಾಗಣೆಯಲ್ಲಿ ಮುಗಿಯುತ್ತವೆ.

ಮೆಮೊರಿ ನಿಯಂತ್ರಕವೂ ಇದೇ ನೀತಿಯನ್ನು ಅನುಸರಿಸುತ್ತದೆ. ಓದು ತಡವಾದರೆ ಪ್ರೊಸೆಸರ್ ಕಾಯಬೇಕಾಗುವುದರಿಂದ ಓದಿಗೆ ಆದ್ಯತೆಯಿತ್ತು, ಬರಹಗಳನ್ನು ಸರತಿಯಲ್ಲಿ ನಿಲ್ಲಿಸಿ ಗುಂಪಾಗಿ ಸಾಗಿಸುತ್ತದೆ. ಆದರೆ ಸರತಿ ಭರ್ತಿಯಾದರೆ ಓದೂ ನಿಲ್ಲುತ್ತದೆ. ಆದುದರಿಂದ ಮುಂದೂಡಿಕೆಗೂ ಮಿತಿಯುಂಟು.

ಬೇಡದ ಸರಕನ್ನು ತರುವುದೂ ದಾರಿಗೆ ಭಾರವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಆರ್. ಗೋವಿಂದರಾಜನ್ ಹಾಗೂ ಸಹಸಂಶೋಧಕರು 2014ರಲ್ಲಿ ಮಂಡಿಸಿದ ‘ಬೈ-ಮೋಡಲ್’ ಕ್ಯಾಷ್ ವಿನ್ಯಾಸವು ಅಗತ್ಯಕ್ಕೆ ತಕ್ಕಂತೆ ದೊಡ್ಡ ಹಾಗೂ ಚಿಕ್ಕ ಕಂತೆಗಳೆರಡನ್ನೂ ಬಳಸಿ ಈ ಅಪವ್ಯಯವನ್ನು ತಗ್ಗಿಸುವ ಮಾರ್ಗವನ್ನು ತೋರಿತು.

ವೇಗದ ಜೊತೆಗೆ ಭದ್ರತೆ

ಕೂಡಿಡುವುದರಲ್ಲಿ ಅಪಾಯವೂ ಇದೆ. ಕ್ಯಾಷ್ ಮತ್ತು ರ‍್ಯಾಮ್‌ಗಳಲ್ಲಿರುವುದೆಲ್ಲವೂ ವಿದ್ಯುತ್ ಕಡಿತವಾದೊಡನೆ ಅಳಿದುಹೋಗುತ್ತದೆ. ಡಿಸ್ಕುಗಳೂ ಬರಹವನ್ನು ತಮ್ಮದೇ ಕ್ಯಾಷಿನಲ್ಲಿ ಕೊಂಚ ಕಾಲ ಇರಿಸಿಕೊಳ್ಳಬಲ್ಲವು. ಪರದೆಯ ಮೇಲೆ ಕಂಡ ಲೆಕ್ಕವೆಲ್ಲವೂ ಡಿಸ್ಕಿನಲ್ಲಿ ದಾಖಲಾಗಿದೆಯೆಂದು ನಂಬಲಾಗದು. ರೈತನಿಗೆ ಕೊಡಬೇಕಾದ ಹಣದ ಲೆಕ್ಕ ಹೀಗೆ ಅಳಿದರೆ ನಷ್ಟವಾಗುವುದು ಕೇವಲ ಮಾಹಿತಿಯಲ್ಲ, ವರ್ತಕನ ಮೇಲಿನ ವಿಶ್ವಾಸ.

ವರ್ತಕ ಮಿತ್ರರು ಗಮನಿಸಬೇಕಾದ ಅಂಶಗಳು ಮೂರು. ಎರಡು ಚಾನೆಲ್‌ಗಳಿಗೆ ಅವಕಾಶವಿರುವ ಗಣಕದಲ್ಲಿ 16 ಗಿಗಾಬೈಟ್‌ನ ಒಂದೇ ರ‍್ಯಾಮ್ ಪಟ್ಟಿಯ ಬದಲು 8 ಗಿಗಾಬೈಟ್‌ನ ಎರಡನ್ನು ಸರಿಯಾದ ಸ್ಲಾಟ್‌ಗಳಲ್ಲಿ ಅಳವಡಿಸಿದರೆ ದಾರಿಯ ಗರಿಷ್ಠ ಸಾಮರ್ಥ್ಯ ಇಮ್ಮಡಿಯಾಗುತ್ತದೆ. ಬ್ಯಾಕಪ್ಪನ್ನು ವಹಿವಾಟಿನ ವೇಳೆಯ ಬದಲು ಅಂಗಡಿ ಮುಚ್ಚುವ ವೇಳೆಗೆ ಇಟ್ಟುಕೊಳ್ಳಬೇಕು. ಲೆಕ್ಕಪತ್ರದ ಗಣಕಕ್ಕೆ ಯು.ಪಿ.ಎಸ್. ಕಡ್ಡಾಯವಾಗಿರಬೇಕು. ಕೂಡಿಟ್ಟು ಸಾಗಿಸುವುದು ಲಾಭಕರ. ಆದರೆ ಸರಕು ಗೋದಾಮು ಸೇರಿತೆಂದು ಖಚಿತಪಡಿಸಿಕೊಂಡ ಬಳಿಕವೇ ರಸೀದಿ ಕೊಡುವುದು ವಾಣಿಜ್ಯ ಧರ್ಮ.