ಕಡಲ ಪಾಲಾದವರ ಊರು-ಹೆಸರು

ಕಾಳಗದಲ್ಲಿ ಮಡಿದವನಿಗೆ ಕಲ್ಲು ನಿಲ್ಲಿಸುವುದು ಕನ್ನಡ ನಾಡಿನ ಹಳೆಯ ಸಂಪ್ರದಾಯ. ಊರ ಹೊರಗಿನ ವೀರಗಲ್ಲನ್ನು ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಶಾಸನವಿದ್ದರೆ ಸತ್ತವನ ಹೆಸರು, ಊರು, ಯಾರ ಕಾಲ, ಯಾತಕ್ಕಾಗಿ ಸತ್ತನೆಂಬುದು ನಾಲ್ಕಾರು ಸಾಲುಗಳಲ್ಲಿ ತಿಳಿಯುತ್ತದೆ. ಕಡಲ ಕಾಳಗಕ್ಕೂ ಇಂಥ ಕಲ್ಲುಗಳುಂಟು. ಮುಂಬಯಿಯ ಬೋರಿವಲಿಗೆ ಸಮೀಪದ ಎಕ್ಸರ್‌ನಲ್ಲಿರುವ ವೀರಗಲ್ಲುಗಳಲ್ಲಿ ಸಾಲು ಸಾಲು ಹುಟ್ಟುಗಳ ಹಡಗುಗಳನ್ನು ಕೆತ್ತಿದ್ದಾರೆ. ಆದರೆ ಕತ್ತಿ ಹಿಡಿಯದೆ, ಹಡಗಿನ ಒಡಲಲ್ಲಿ ಕಲ್ಲಿದ್ದಲು ಎತ್ತುತ್ತ, ಅಡುಗೆ ಮಾಡುತ್ತ, ಹಗ್ಗ ಎಳೆಯುತ್ತ ಯಾರದೋ ಯುದ್ಧದಲ್ಲಿ ಮುಳುಗಿ ಹೋದವನಿಗೆ ಯಾವ ಕಲ್ಲು? ಅವನ ಮನೆಯವರು ಎಲ್ಲಿದ್ದಾರೆ? ಇಂದು ಆಡಹೊರಟಿರುವ ಮಾತು ಇದು.

ಕಲಬುರಗಿಯ ಮಗ್ಗುಲಿನ ತಾಜಸುಲ್ತಾನಪುರದಲ್ಲಿ ಕುಳಿತು ಸಮುದ್ರದ ಮಾತನಾಡುವುದು ವಿಚಿತ್ರವೆನಿಸಬಹುದು. ನಮ್ಮದು ಕರಿಮಣ್ಣಿನ, ತೊಗರಿಯ ಸೀಮೆ. ಆದರೆ ಮುಂಬಯಿಯಿಂದ ರಾಯಚೂರಿಗೆ ರೈಲುಹಾದಿ ಪೂರ್ಣಗೊಂಡ 1871ರಿಂದ ಈ ಸೀಮೆಗೂ ಆ ಬಂದರಿಗೂ ನೇರ ಸಂಬಂಧ ಬೆಳೆಯಿತು. ಬರ ಬಿದ್ದಾಗ ದುಡಿಮೆಗೆಂದು ಮುಂಬಯಿಗೆ ಹೋಗುವುದು ಇಲ್ಲಿಯ ಮನೆಮನೆಯ ಕಥೆ. ಇನ್ನು ನಾವಿಕನ ಹೆಸರಂತೂ ನಮ್ಮ ದಖನಿ ಕಿವಿಗೆ ಹೊಸದಲ್ಲ. ಇಂಗ್ಲಿಷರು ಏಷ್ಯದ ನಾವಿಕನನ್ನು ‘ಲಾಸ್ಕರ್’ ಎಂದು ಕರೆದರು. ಇದು ಪೋರ್ಚುಗೀಸರ ಬಾಯಲ್ಲಿ ಹೊರಳಿ ಬಂದ, ದಂಡು ಎಂಬರ್ಥದ ‘ಲಷ್ಕರ್’ ಶಬ್ದವೇ. ನಾವಿಕರ ಮುಖಂಡನಾದ ‘ಸಾರಂಗ’ ಪಾರಸಿಯ ‘ಸರಹಂಗ್’ನಿಂದ ಬಂದವನು. ಅವನ ಕೈಕೆಳಗಿನವನು ‘ಟಿಂಡಾಲ’; ಕಾರವಾರದ ಕಡೆ ‘ತಾಂಡೇಲ’ ಎಂಬುದು ಇಂದಿಗೂ ಮನೆತನದ ಹೆಸರು.

ಎರಡನೆಯ ಮಹಾಯುದ್ಧ ತೊಡಗಿದಾಗ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಿದ್ದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಭಾರತೀಯ. ಕಲಕತ್ತೆಯ ಬಂದರಿಗೆ ಸಿಲ್ಹೆಟ್, ನೊವಾಖಾಲಿ, ಚಿತ್ತಗಾಂಗ್ ಪ್ರಾಂತ್ಯಗಳಿಂದಲೂ, ಮುಂಬಯಿಯ ಬಂದರಿಗೆ ರತ್ನಾಗಿರಿ, ಕಚ್ಛ, ಪಂಜಾಬ, ಗೋವೆಗಳಿಂದಲೂ ಜನ ಬಂದು ಸೇರುತ್ತಿದ್ದರು. ಕೆಲಸ ಸಿಗುತ್ತಿದ್ದುದು ಬಹುಮಟ್ಟಿಗೆ ಸಾರಂಗನ ಕೃಪೆಯಿಂದ. ಅವನು ತನ್ನ ಊರಿನವರನ್ನು, ನೆಂಟರನ್ನು ಒಟ್ಟಾಗಿ ಹಡಗಿಗೆ ಹತ್ತಿಸುತ್ತಿದ್ದನು. ಆದ್ದರಿಂದ ಒಂದು ಹಡಗು ಮುಳುಗಿತೆಂದರೆ ಒಂದೇ ಹಳ್ಳಿಯ ಹಲವು ಮನೆಗಳ ದೀಪ ಒಟ್ಟಿಗೇ ಆರಬಹುದಾಗಿತ್ತು. ಸಂಬಳವೋ ಅದೇ ಕೆಲಸ ಮಾಡುವ ಬ್ರಿಟಿಷ್ ನಾವಿಕನದರ ಕಾಲುಭಾಗದಷ್ಟು, ಕೆಲವೆಡೆ ಅದಕ್ಕಿಂತಲೂ ಕಡಿಮೆ. ಯುದ್ಧ ಆರಂಭವಾದ 1939ರಲ್ಲಿಯೇ ಸಂಬಳ ಹೆಚ್ಚಿಸಬೇಕೆಂದು ಭಾರತೀಯ ನಾವಿಕರು ಹಲವು ಬಂದರುಗಳಲ್ಲಿ ಮುಷ್ಕರ ಹೂಡಿದರು. ಕೆಲವರು ಸೆರೆಮನೆಯನ್ನೂ ಕಂಡರು.

ಅವರ ಸಾವು ಎಂತಹುದೆಂಬುದಕ್ಕೆ ‘ಸಿಟಿ ಆಫ್ ಬನಾರಸ್’ ಎಂಬ ಹಡಗೊಂದೇ ಸಾಕು. 1940ರ ಸೆಪ್ಟೆಂಬರ್ 17ರ ರಾತ್ರಿ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಅದನ್ನು ಮುಳುಗಿಸಿತು. ಬಾಂಬುದಾಳಿಯಿಂದ ತಪ್ಪಿಸಲೆಂದು ಕೆನಡಾಕ್ಕೆ ಕಳುಹಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. 77 ಮಕ್ಕಳು ಸತ್ತರು. ಲೋಕವೆಲ್ಲ ಮರುಗಿತು, ಮರುಗಬೇಕಾದುದೇ. ಆದರೆ ಆ ಹಡಗನ್ನು ನಡೆಸುತ್ತಿದ್ದವರಲ್ಲಿ ಬಹುಪಾಲು ಜನ ಭಾರತೀಯರೆಂಬುದನ್ನೂ, ಅವರಲ್ಲಿ ನೂರಕ್ಕೂ ಮಿಕ್ಕವರು ಆ ಕೊರೆಯುವ ನೀರಿನಲ್ಲಿ ಮಡಿದರೆಂಬುದನ್ನೂ ನೆನೆದವರು ಎಷ್ಟು ಮಂದಿ? ಒಂದೇ ಹಡಗು, ಒಂದೇ ರಾತ್ರಿ, ಒಂದೇ ಸಾವು. ಸತ್ತ ಬ್ರಿಟಿಷ್ ನಾವಿಕರ ಹೆಸರುಗಳು ಲಂಡನಿನ ಟವರ್ ಹಿಲ್ ಸ್ಮಾರಕದ ಕಂಚಿನ ಫಲಕಗಳಲ್ಲಿವೆ. ಭಾರತೀಯರ ಹೆಸರುಗಳು ಮುಂಬಯಿ ಮತ್ತು ಚಿತ್ತಗಾಂಗ್‌ಗಳಿಗೆಂದು ಸಿದ್ಧಪಡಿಸಿದ ಸ್ಮರಣಪುಸ್ತಕವೊಂದಕ್ಕೆ ಸೇರಿದವು.

ಈ ಸ್ಮರಣಪುಸ್ತಕದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೆಂಟರನ್ನು ಅರಸುವವರಿಗೆ ಮೊದಲ ಬಾಗಿಲು ಇದೇ. ಎರಡನೆಯ ಮಹಾಯುದ್ಧದಲ್ಲಿ ಕಡಲಲ್ಲಿ ಕಣ್ಮರೆಯಾದ ಭಾರತೀಯ ವ್ಯಾಪಾರಿ ನಾವಿಕರು ಸುಮಾರು ಆರು ಸಾವಿರ. ಇವರ ಜೊತೆಗೆ ನೌಕಾಪಡೆಯ ನಾನೂರಕ್ಕೂ ಹೆಚ್ಚು ಮಂದಿ. ಈ ಎಲ್ಲರ ಹೆಸರುಗಳು ಈ ಪುಸ್ತಕದಲ್ಲಿವೆ. ಮೊದಲ ಮಹಾಯುದ್ಧದಲ್ಲಿ ಹೀಗೆ ಅಳಿದ ಎರಡು ಸಾವಿರಕ್ಕೂ ಹೆಚ್ಚಿನವರಿಗೆ ಮುಂಬಯಿಯ ಮಸ್ಜಿದ್ ಬಂದರಿನ ಬಳಿಯ ಭಾರತೀಯ ನಾವಿಕರ ವಸತಿಗೃಹವೇ ಸ್ಮಾರಕವಾಯಿತು. ಕಲಕತ್ತೆಯಲ್ಲಿ ಹೂಗ್ಲಿಯ ದಡದಲ್ಲಿ ಬಂಗಾಳ ಮತ್ತು ಅಸ್ಸಾಮಿನ 896 ಲಾಸ್ಕರರ ನೆನಪಿಗೆ 1924ರಲ್ಲಿ ಒಂದು ಸ್ತಂಭ ಎದ್ದಿತು. ಸ್ಮರಣಪುಸ್ತಕದ ಮತ್ತು ಮುಂಬಯಿಯ ಸ್ಮಾರಕದ ಉಸ್ತುವಾರಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ್ದು. ಅದರ ದಾಖಲೆಗಳನ್ನು ಇಂದು ಮನೆಯಲ್ಲಿಯೇ ಕುಳಿತು ಗಣಕದಲ್ಲಿ ಹುಡುಕಬಹುದು. ಈ ಆಯೋಗವೇ 2021ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ಮೊದಲ ಯುದ್ಧದಲ್ಲಿ ಮಡಿದ ಏಷ್ಯ ಆಫ್ರಿಕಗಳ ಲಕ್ಷಕ್ಕೂ ಮಿಕ್ಕ ಜನರನ್ನು ಹೆಸರಿನಿಂದ ಸ್ಮರಿಸಿಯೇ ಇಲ್ಲವೆಂದು ಒಪ್ಪಿಕೊಂಡಿತು.

ಹುಡುಕುವ ದಾರಿ ಎರಡು. ಮನೆಯಿಂದ ದಾಖಲೆಯ ಕಡೆಗೆ ನಡೆಯುವುದು ಒಂದು. ‘ನಮ್ಮ ಮುತ್ತಜ್ಜ ಹಡಗಿಗೆ ಹೋದವನು ಮರಳಲಿಲ್ಲ’ ಎಂಬ ಒಂದೇ ಮಾತು ಉಳಿದ ಮನೆಗಳು ನಮ್ಮ ಕರಾವಳಿಯಲ್ಲಿ ಇರಬಹುದು. ಅಂಥವರು ಮೊದಲು ನೋಡಬೇಕಾದುದು ಹಳೆಯ ಪೆಟ್ಟಿಗೆಯನ್ನು: ನಾವಿಕನ ಸೇವಾಪುಸ್ತಿಕೆ, ಮನಿಯಾರ್ಡರಿನ ಚೀಟಿ, ಕಂಪನಿಯ ಕಾಗದ. ಇವುಗಳಲ್ಲಿ ಹಡಗಿನ ಹೆಸರೊಂದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ವ್ಯಕ್ತಿಯ ಹೆಸರಿಗಿಂತ ಹಡಗಿನ ಹೆಸರು ಗಟ್ಟಿಯಾದ ಆಧಾರ. ಅದು ಮುಳುಗಿದ ದಿನ, ಸ್ಥಳಗಳು ಗೊತ್ತಾಗುತ್ತವೆ, ಆ ದಿನಾಂಕದಡಿ ಮಡಿದವರ ಪಟ್ಟಿ ದೊರೆಯುತ್ತದೆ. ಲಂಡನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿ ಹಡಗುಗಳ ಸಿಬ್ಬಂದಿಪಟ್ಟಿಗಳಿವೆ. ಗ್ರೀನಿಚ್‌ನ ಸಾಗರ ವಸ್ತುಸಂಗ್ರಹಾಲಯದಲ್ಲಿ ಉಳಿದಿರುವ 1915ನೆಯ ಇಸವಿಯ ಪಟ್ಟಿಗಳನ್ನು ಸ್ವಯಂಸೇವಕರು ಒಂದೊಂದಾಗಿ ನಕಲು ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ.

ದಾಖಲೆಯಿಂದ ಮನೆಯ ಕಡೆಗೆ ನಡೆಯುವುದು ಇನ್ನೊಂದು ದಾರಿ, ಇದು ಕಷ್ಟದ್ದು. ಇಲ್ಲಿಯೇ ಕನ್ನಡ ಎಂ.ಎ. ತರಗತಿಯಲ್ಲಿ ನಾನು ವರ್ಷಗಟ್ಟಲೆ ಹೇಳಿಕೊಟ್ಟ ಗ್ರಂಥಸಂಪಾದನೆಯ ಪಾಠ ನೆನಪಾಗುತ್ತದೆ. ಓಲೆಗರಿ ನಕಲು ಮಾಡುವವನು ತಾನು ಕೇಳಿದಂತೆ, ತನಗೆ ತಿಳಿದಂತೆ ಬರೆಯುತ್ತಾನೆ, ಪಾಠಾಂತರಗಳು ಹುಟ್ಟುತ್ತವೆ. ಬಂದರಿನ ಗುಮಾಸ್ತನೂ ಅಂಥ ಒಬ್ಬ ಲಿಪಿಕಾರನೇ. ಇಬ್ರಾಹಿಂ ಎಂಬವನು ಒಂದು ಹಡಗಿನಲ್ಲಿ ಎಬ್ರಾಹಿಂ, ಇನ್ನೊಂದರಲ್ಲಿ ಇಬ್ರಾಮ. ಹುಸೇನನು ಹೊಸೇನನಾಗುತ್ತಾನೆ. ತಂದೆಯ ಹೆಸರು ಒಮ್ಮೆ ಅಡ್ಡಹೆಸರಾಗಿ ನಿಲ್ಲುತ್ತದೆ, ಒಮ್ಮೆ ಬಿದ್ದುಹೋಗುತ್ತದೆ. ತಾಂಡೇಲ ಎಂಬುದು ಮನೆತನವೋ ಹುದ್ದೆಯೋ ಎಂದು ಸಂದೇಹವಾಗುತ್ತದೆ. ಒಂದು ಪ್ರತಿಯನ್ನು ನಂಬಿ ತೀರ್ಮಾನಿಸಬಾರದು. ಹೆಸರು, ತಂದೆಯ ಹೆಸರು, ವಯಸ್ಸು, ಹುದ್ದೆ, ಊರು, ಇವುಗಳಲ್ಲಿ ಮೂರಾದರೂ ಹೊಂದಿಕೊಳ್ಳಬೇಕು.

ಊರಿನದೂ ಇದೇ ಪಾಡು. ಇಂದಿನ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ; ದಕ್ಷಿಣ ಕನ್ನಡ ಮದರಾಸಿನದು; ಕಲಬುರಗಿ ನಿಜಾಮನ ಹೈದರಾಬಾದಿನದು. ದಾಖಲೆಯಲ್ಲಿ ‘ಸೌತ್ ಕೆನರಾ’ ಎಂದಿದ್ದರೆ ಆ ಹಳ್ಳಿ ಇಂದು ದಕ್ಷಿಣ ಕನ್ನಡದಲ್ಲಿರಬಹುದು, 1997ರಲ್ಲಿ ಬೇರೆಯಾದ ಉಡುಪಿಯಲ್ಲಿರಬಹುದು, ಇಲ್ಲವೇ 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿರಬಹುದು. ರಾಜ್ಯಗಳ ಗಡಿ ಸರಿದಾಗ ಸತ್ತವನ ವಿಳಾಸವೂ ಸರಿಯಿತು. ಇಂಥಲ್ಲಿ ಪೇಟೆಯ ಕಚೇರಿಗಿಂತ ಹಳ್ಳಿಯ ಮಸೀದಿಯ ಜಮಾತು, ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕ, ಊರ ಮುದುಕಿಯ ನೆನಪು ಹೆಚ್ಚು ಉಪಕಾರ ಮಾಡಬಲ್ಲವು.

ಎಂಬತ್ತು ವರ್ಷಗಳ ಮೇಲೆ ಇದರಿಂದ ಏನು ಫಲ ಎಂದು ಕೇಳಬಹುದು. ಇದಕ್ಕೆ ಉತ್ತರವಾಗಿ ‘ತಿಲಾವಾ’ ಎಂಬ ಹಡಗಿನ ಕಥೆಯನ್ನು ಹೇಳುತ್ತೇನೆ. 1942ರ ನವೆಂಬರ್ 20ರಂದು ಅದು 958 ಜನರನ್ನು ಹೊತ್ತು ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿತು. 23ರ ನಸುಕಿನಲ್ಲಿ ಜಪಾನೀ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ದೋಣಿಗಿಳಿದವರಲ್ಲಿ ಕೆಲವರು, ಹಡಗು ಇನ್ನೂ ತೇಲುತ್ತಿದೆಯಲ್ಲ ಎಂದು ಮರಳಿ ಹತ್ತಿದರು. ಆಗ ಎರಡನೆಯ ಟಾರ್ಪಿಡೊ ಬಂತು. ಪ್ರಯಾಣಿಕರು, ನಾವಿಕರು ಸೇರಿ 280 ಮಂದಿ ಮುಳುಗಿದರು. ಅವರೊಡನೆ ದಕ್ಷಿಣ ಆಫ್ರಿಕದ ಸರಕಾರ ನಾಣ್ಯಕ್ಕೆಂದು ಕೊಂಡಿದ್ದ 2,364 ಬೆಳ್ಳಿಯ ಗಟ್ಟಿಗಳೂ ತಳ ಸೇರಿದವು. 2017ರಲ್ಲಿ ಆ ಬೆಳ್ಳಿಯನ್ನು ಮೇಲೆತ್ತಿದರು. ಅದು ಯಾರದೆಂದು ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆದು, 2024ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂತು. ಬೆಳ್ಳಿಯ ವಾರಸುದಾರರನ್ನು ನಿರ್ಣಯಿಸಲು ಇಷ್ಟೆಲ್ಲ ವ್ಯವಸ್ಥೆ! ಮನುಷ್ಯರ ವಾರಸುದಾರರನ್ನು ಹುಡುಕಿದವರು ಆ ಮನೆಗಳ ಮಕ್ಕಳು ಮೊಮ್ಮಕ್ಕಳೇ. ಹೆಸರು ಹೆಸರನ್ನು ಜೋಡಿಸುತ್ತ, ದೇಶದೇಶಗಳಲ್ಲಿ ಚದುರಿದ ಕುಟುಂಬಗಳನ್ನು ಕೂಡಿಸುತ್ತ, 2022ರ ನವೆಂಬರ್ 23ರಂದು, ದುರಂತಕ್ಕೆ 80 ವರ್ಷ ತುಂಬಿದ ದಿನ, ಮುಂಬಯಿಯಲ್ಲಿ ಅವರು ಒಟ್ಟಾಗಿ ಸ್ಮರಣೆ ಮಾಡಿದರು.

ದೇಹ ಸಿಗದ ಸಾವು ಬೇರೆ ಬಗೆಯ ಸಾವು. ಧರ್ಮಶಾಸ್ತ್ರಗಳು ಇದನ್ನು ಬಲ್ಲವು. ದೇಹ ದೊರೆಯದವನಿಗಾಗಿ ಮುತ್ತುಗದ ಎಲೆ, ದರ್ಭೆಗಳಿಂದ ಪ್ರತಿಕೃತಿ ಮಾಡಿ ದಹಿಸುವ ಪಾಲಾಶವಿಧಿ ನಮ್ಮಲ್ಲಿದೆ. ಕರಾವಳಿಯ ಮುಸಲ್ಮಾನರು ಅನುಸರಿಸುವ ಶಾಫಿ ಪಂಥದಲ್ಲಿ ಎದುರಿಗೆ ದೇಹವಿಲ್ಲದೆಯೂ ಜನಾಜಾ ನಮಾಜಿಗೆ ಅವಕಾಶವಿದೆ. ಕಾನೂನಿಗೂ ಇದು ಗೊತ್ತು. ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ಹೇಳುವವನೇ ಅದನ್ನು ರುಜುವಾತುಪಡಿಸಬೇಕೆಂದು 1872ರ ಸಾಕ್ಷ್ಯ ಕಾಯಿದೆ ವಿಧಿಸಿತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿಯೂ ಈ ನಿಯಮ ಉಳಿದಿದೆ. ಗಂಡನ ಸುಳಿವು ನಾಲ್ಕು ವರ್ಷ ಇಲ್ಲವಾದರೆ ಮುಸ್ಲಿಂ ಹೆಂಗಸು ವಿವಾಹ ವಿಸರ್ಜನೆ ಕೇಳಬಹುದೆಂಬ ಕಾಯಿದೆ, ಆಕಸ್ಮಿಕವೋ ಏನೋ, ಆ ಯುದ್ಧ ಆರಂಭವಾದ 1939ರಲ್ಲಿಯೇ ಬಂತು. ಆದರೆ ಈ ವಿಧಿಗಳೆಲ್ಲ ಒಂದು ನಿಶ್ಚಯವನ್ನು ಬೇಡುತ್ತವೆ. ಸುದ್ದಿ ಬಾರದ ಮನೆಯಲ್ಲಿ ಹೆಂಡತಿ ವಿಧವೆಯೂ ಅಲ್ಲ, ಮುತ್ತೈದೆಯೂ ಅಲ್ಲ. ಮಗ ಶ್ರಾದ್ಧ ಮಾಡುವ ತಿಥಿ ಯಾವುದು? ಹೊಲದ ಖಾತೆ ಯಾರ ಹೆಸರಿಗೆ? ಇಂಥ ಪ್ರಶ್ನೆಗಳು ಒಂದು ತಲೆಮಾರಿಗೆ ಮುಗಿಯುವುದಿಲ್ಲ; ಅಜ್ಜಿಯ ಮೌನವಾಗಿ ಮೊಮ್ಮಕ್ಕಳವರೆಗೂ ಇಳಿದುಬರುತ್ತವೆ.

ಇಂದು ಪರಿಹಾರದ ಹಣ ಬರಲಾರದು, ಬಂದರೂ ಪಡೆಯಬೇಕಾದವರಿಲ್ಲ. ಆದರೆ ಒಂದು ದಿನಾಂಕ ಬರಬಲ್ಲದು, ಒಂದು ಹಡಗಿನ ಹೆಸರು, ಕಡಲಿನ ಒಂದು ಜಾಗ ಬರಬಲ್ಲದು. ‘ಎಲ್ಲೋ ಹೋದ’ ಎಂಬುದು ‘ಇಂಥ ದಿನ, ಇಂಥಲ್ಲಿ ತೀರಿಕೊಂಡ’ ಎಂದಾಗುವುದು ಸಣ್ಣ ಲಾಭವಲ್ಲ. ನಮ್ಮ ಕಾಲೇಜುಗಳ ಕನ್ನಡ, ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಶಾಸನಗಳ ಪಡಿಯಚ್ಚು ತೆಗೆಯಲು ಊರೂರು ಅಲೆಯುವರಷ್ಟೆ. ಅದೇ ತಾಳ್ಮೆಯಿಂದ ಭಟ್ಕಳ, ಹೊನ್ನಾವರ, ಕಾರವಾರ, ಮಂಗಳೂರುಗಳ ಕೇರಿಗಳಲ್ಲಿ ಹಡಗಿಗೆ ಹೋದವರ ಪಟ್ಟಿಯೊಂದನ್ನು ಬರೆದುಕೊಂಡು, ಆಯೋಗದ ಪಟ್ಟಿಯೊಡನೆ ಹೋಲಿಸಿ ನೋಡಬಾರದೆ? ನೆನಪಿಟ್ಟ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕಾಗದ ಕಾಯಬಹುದು, ಅವರು ಕಾಯಲಾರರು. ಕೇಳುಗರ ಮನೆಯ ಅಟ್ಟದ ಮೇಲೆಯೂ ಬಂದರಿನ ಮುದ್ರೆಯಿರುವ ಪುಸ್ತಿಕೆಯೊಂದು ಧೂಳು ಹಿಡಿದಿದ್ದರೆ, ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ. ಒಮ್ಮೆ ತೆರೆದು ಅದರಲ್ಲಿರುವ ಹಡಗಿನ ಹೆಸರನ್ನು ಓದಿರಿ.

(ಕೃಪೆ: ಆಕಾಶವಾಣಿ)