ಗಾಂಧಿಯವರ ಆರು ತಿಂಗಳ ಬಿಡುವು

ವಕೀಲಿಯ ನಿಮಿತ್ತ ದಕ್ಷಿಣ ಆಫ್ರಿಕಕ್ಕೆ ತೆರಳಿ ಮೂರು ವರ್ಷಗಳನ್ನು ಕಳೆದಿದ್ದ ಮೋಹನದಾಸ ಗಾಂಧಿಯವರು, ಪತ್ನೀಪುತ್ರರನ್ನು ಕರೆದೊಯ್ಯುವ ಸಲುವಾಗಿ 1896ರಲ್ಲಿ ಆರು ತಿಂಗಳ ಬಿಡುವು ಪಡೆದು ಸ್ವದೇಶಕ್ಕೆ ಬಂದರು. ಸ್ವಜನರ ಸಹವಾಸದಲ್ಲಿ ವಿಶ್ರಮಿಸಬಹುದಾಗಿದ್ದ ಆ ದಿನಗಳಲ್ಲಿ ರಾಜಕೋಟೆಯಲ್ಲಿ ಕುಳಿತು, ನೇಟಾಲಿನ ಭಾರತೀಯರು ಅನುಭವಿಸುತ್ತಿದ್ದ ಅವಮಾನಗಳನ್ನು ಸಂಯಮದ ಭಾಷೆಯಲ್ಲಿ ನಿರೂಪಿಸಿ, ಹಸಿರು ಹೊದಿಕೆಯ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದರು. ಅದರ 10,000 ಪ್ರತಿಗಳನ್ನು ಅಂಚೆಗೆ ಸಿದ್ಧಪಡಿಸಲು ನೆರೆಹೊರೆಯ ಮಕ್ಕಳೇ ನೆರವಾದರೆಂಬುದು ನನಗೆ ಅತ್ಯಂತ ಹೃದ್ಯವೆನಿಸುತ್ತದೆ.

ಆದರೆ ಆ ಹೊತ್ತಗೆಯ ಉತ್ಪ್ರೇಕ್ಷಿತ ಸಾರಾಂಶವು ತಂತಿಯ ಮೂಲಕ ಅವರಿಗಿಂತ ಮುಂಚೆಯೇ ನೇಟಾಲನ್ನು ಸೇರಿದ್ದಿತು. 1897ರ ಜನವರಿ 13ರಂದು ಡರ್ಬನ್ನಿನಲ್ಲಿ ಹಡಗಿನಿಂದಿಳಿದ ಅವರನ್ನು ಉದ್ರಿಕ್ತ ಜನಸಮೂಹವು ಥಳಿಸುತ್ತಿರಲು, ಪೊಲೀಸ್ ಅಧಿಕಾರಿಯೊಬ್ಬರ ಪತ್ನಿ ತಮ್ಮ ಕೊಡೆಯನ್ನು ಅಡ್ಡವಾಗಿ ಹಿಡಿದು ಕಾಪಾಡಿದರು. ಹಲ್ಲೆಗೈದವರ ಮೇಲೆ ಮೊಕದ್ದಮೆ ಹೂಡಲು ಗಾಂಧಿಯವರು ಒಪ್ಪಲಿಲ್ಲ.